ಮಾಡಿದವರಿಗೆ ಹತ್ತುವ ಪ್ರತ್ಯಯ

ನಡುವಿನ ಊರು, ಬ್ರೆಜಿಲ್
೧೨ ಆಗಸ್ಟ್ ೧೯೮೭

ಮೈಮುನಾ,

ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು ನಾವು. ಭಾಷಾಶಾಸ್ತ್ರ ಓದಲು ಹಾಲೆಂಡಿಗೆ ಹೋದ ಮೇಲೆ ನಿನಗೆ ಒಂದು ಕಾಗದವನ್ನೂ ಹಾಕಲಿಲ್ಲ. ಮೊದಲ ರ್‍ಯಾಂಕು ಬಂದದ್ದು ನಿನಗೆ, ಹೊರಟು ಬಂದವಳು ನಾನು. ಆ ನಾಚಿಕೆಯಿಂದ ಬರೆಯಲಿಲ್ಲ ಅಂದುಕೋ.

ಈಗ ಬರೆಯುವುದಕ್ಕೆ ಕಾರಣವಿದೆ. ಪಿಎಚ್.ಡಿ. ಪ್ರಬಂಧಕ್ಕಾಗಿ ಹಾಲೆಂಡಿನಿಂದ ಈ ಕಾಡಿಗೆ ಬಂದಿದ್ದೇನೆ. ಇಲ್ಲಿ ನನಗೆ ಸಿಕ್ಕಿದ್ದನ್ನು ಹೇಳಿದರೆ ಖುಷಿಪಡುವವರು ನಿನ್ನನ್ನು ಬಿಟ್ಟರೆ ಇನ್ನಾರಿದ್ದಾರೆ?

ಅಮೆಜಾನಿಗೆ ಸೇರುವ ಒಂದು ಸಣ್ಣ ಹೊಳೆ. ಅದರ ದಂಡೆಯಲ್ಲಿ ಮೂರು ಊರು, ಮೂರು ಭಾಷೆ. ಮೂರೂ ಒಬ್ಬ ತಾಯಿಯ ಮಕ್ಕಳು. ತಮ್ಮ ಹೆಸರನ್ನು ಹೊರಗಿನವರ ಬಾಯಿಗೆ ಕೊಡಲು ಇವರಿಗೆ ಇಷ್ಟವಿಲ್ಲ, ಆದ್ದರಿಂದ ನಾನು ಕೆಳಗಿನ ಊರು, ನಡುವಿನ ಊರು, ಮೇಲಿನ ಊರು ಎನ್ನುತ್ತೇನೆ. ನಾನಿರುವುದು ನಡುವಿನ ಊರಿನಲ್ಲಿ. ಮೂವತ್ತೆಂಟು ಜನ.

ನಮ್ಮಲ್ಲಿ ‘ನಾಯಿ ಹಂದಿಯನ್ನು ಕಚ್ಚಿತು’ ಎನ್ನುತ್ತೇವೆ. ಪ್ರತ್ಯಯ ಬೀಳುವುದು ಕಚ್ಚಿಸಿಕೊಂಡ ಹಂದಿಯ ಮೇಲೆ. ಕಚ್ಚಿದ ನಾಯಿ ಬರಿಮೈಯಲ್ಲಿ ನಿಂತಿರುತ್ತದೆ. ಇಲ್ಲಿ ತಿರುವುಮುರುವು. ಹಂದಿ ಬರಿಮೈ, ನಾಯಿಗೆ ‘ಕಾ’. ‘ನಾಯಿ ಓಡಿತು’ ಎಂದರೆ ನಾಯಿಗೂ ‘ಕಾ’ ಇಲ್ಲ. ಇನ್ನೊಬ್ಬರಿಗೆ ಏನಾದರೂ ಮಾಡಿದಾಗ ಮಾತ್ರ ಮಾಡಿದವರಿಗೆ ಅದು ಹತ್ತುತ್ತದೆ. ಮೇಲಿನ ಊರಿನಲ್ಲಿ ಯಾವಾಗಲೂ ಹೀಗೆಯೇ. ಕೆಳಗಿನ ಊರಿನವರು ಪೋರ್ಚುಗೀಸ್ ಮಾತಾಡುವವರ ಜೊತೆ ವ್ಯಾಪಾರಕ್ಕೆ ಬಿದ್ದು ‘ಕಾ’ವನ್ನೇ ಕಳೆದುಕೊಂಡಿದ್ದಾರೆ. ನಡುವಿನ ಊರಿನದು ನನಗೆ ತಿಳಿದಿರಲಿಲ್ಲ. ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡೆ.

ನನಗೆ ಕಲಿಸುವವಳು ಒಬ್ಬ ಮುದುಕಿ. ಅಜ್ಜಿ ಎಂದೇ ಕರೆಯುತ್ತೇನೆ, ಅವಳಿಗೂ ಆ ಶಬ್ದ ರೂಢಿಯಾಗಿದೆ. ಮೊನ್ನೆ ನನ್ನ ಪೆದ್ದುತನ ನೋಡಿ ಅವಳ ತಾಳ್ಮೆ ಮುಗಿಯಿತು. ಮೊಣಕೈ ತಾಗಿದಂತೆ ಮಾಡಿ ಒಂದು ಮಣ್ಣಿನ ಗಡಿಗೆ ಬೀಳಿಸಿದಳು. ‘ಅಜ್ಜಿ ಗಡಿಗೆ ಒಡೆದಳು’ ಎಂದಳು, ‘ಕಾ’ ಇಲ್ಲದೆ. ಆಮೇಲೆ ಇನ್ನೊಂದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ ‘ಅಜ್ಜಿ-ಕಾ ಗಡಿಗೆ ಒಡೆದಳು’ ಎಂದಳು. ಗೊತ್ತಿಲ್ಲದೆ ಆದರೆ ಇಲ್ಲ. ಬೇಕಂತಲೇ ಮಾಡಿದರೆ ಉಂಟು. ನನಗೆ ತಿಳಿಯಲಿ ಎಂದು ಒಳ್ಳೆಯ ಗಡಿಗೆಗಳೆರಡನ್ನು ಒಡೆದಳು, ಮೈಮುನಾ! ಊರೆಲ್ಲ ನಕ್ಕಿತು.

ರಾಣೆಬೆನ್ನೂರಿಗೆ ಹೋದರೆ ಅವ್ವನನ್ನು ನೋಡಿ ಬಾ. ಅಣ್ಣಾಜಿ ಅಣ್ಣ ಬೀಜದ ಕಂಪನಿಯ ಕೆಲಸಕ್ಕೆ ಬೆಳಿಗ್ಗೆ ಹೋದವನು ಸಂಜೆಗೇ ಬರುವುದು. ನನ್ನ ಸಣ್ಣ ಅಕ್ಷರ ಅವ್ವನಿಗೆ ಕಾಣಿಸುವುದಿಲ್ಲ. ಓದಿ ಹೇಳು.

ನಿನ್ನ
ನಲಿನಿ


ಬ್ಯಾಡಗಿ
೨೫ ಅಕ್ಟೋಬರ್ ೧೯೮೭

ನಲಿನೀ,

ಮೂರು ವರ್ಷಕ್ಕೆ ಒಂದು ಕಾಗದ, ಅದರಲ್ಲಿ ಮುಕ್ಕಾಲು ವ್ಯಾಕರಣ. ನೀನು ಬದಲಾಗಿಲ್ಲ. ಷಷ್ಠಿ ಯಾವುದು ಸಪ್ತಮಿ ಯಾವುದು ಎಂದು ಪರೀಕ್ಷೆಯ ಹಿಂದಿನ ದಿನ ನನ್ನನ್ನು ಕೇಳುತ್ತಿದ್ದವಳಿಗೆ ಅದೇ ಅನ್ನವಾಯಿತು ನೋಡು. ಹೊಟ್ಟೆಕಿಚ್ಚು ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅಪ್ಪ ಆ ವರ್ಷ ತೀರಿಕೊಳ್ಳದಿದ್ದರೆ ಹಾಲೆಂಡಿನ ಆ ಅರ್ಜಿ ನಾನೂ ತುಂಬುತ್ತಿದ್ದೆ. ಇರಲಿ. ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಅದು ಸಣ್ಣ ಕೆಲಸವೇನಲ್ಲ.

ನಿನ್ನ ‘ಕಾ’ವನ್ನು ಎಂಟನೆಯ ತರಗತಿಯಲ್ಲಿ ಹೇಳಿದೆ. ಮಾಸುಮಬಿ ಅಂತ ಒಬ್ಬಳಿದ್ದಾಳೆ, ಬಾಯಿ ಜೋರು. “ಟೀಚರ್, ಕೈತಪ್ಪಿ ಆತು ಅಂದ್ರ ಹತ್ತೂದಿಲ್ಲೇನ್ರಿ? ಹಂಗಾದ್ರ ಆ ಊರಾಗ ಯಾರೂ ಬೈಸ್ಕೊಳ್ಳಾಂಗೇ ಇಲ್ಲ ಬಿಡ್ರಿ!” ಎಂದಳು.

ಶನಿವಾರ ಪ್ಯಾಸೆಂಜರ್ ಗಾಡಿಗೆ ರಾಣೆಬೆನ್ನೂರಿಗೆ ಹೋಗಿ ನಿನ್ನ ಅವ್ವನ ಮುಂದೆ ಕಾಗದ ಓದಿದೆ. ಗೋದೂಬಾಯಿಯವರು ಕಣ್ಣು ಮುಚ್ಚಿ ಕೇಳಿದರು. ಗಡಿಗೆಯ ಮಾತು ಬಂದಾಗ, “ಆ ಮುದುಕಿ ಭಾಳ ಶಾಣ್ಯಾಕಿ ಇದ್ದಾಳ ನೋಡವಾ. ನಮ್ಮ ನಲಿನಿಗೆ ಹಂಗ ಒಡದು ತೋರಿಸಿದ್ರನ ತಿಳೀತದ” ಎಂದರು. ಆಮೇಲೆ, “ಉಂಡಾಳೋ ಇಲ್ಲೋ, ಅದನ್ನ ಬರದಿಲ್ಲಲ್ಲ?” ಎಂದರು.

ಮೆಣಸಿನಕಾಯಿ ಹಂಗಾಮು ಇನ್ನೇನು ಸುರುವಾಗುತ್ತದೆ. ಅಮ್ಮಾನಿಗೆ ಈಗಲೇ ಉಬ್ಬಸ. ಘಾಟಿಗೆ ಪೇಟೆಯ ಕಡೆಯ ಕಿಟಕಿ ಮುಚ್ಚಿ ಕೂತಿರುತ್ತಾಳೆ. ನಿನ್ನನ್ನು ನೆನೆಯುತ್ತಾಳೆ.

ಮೈಮುನಾಬಿ


ನಡುವಿನ ಊರು
೬ ಜನವರಿ ೧೯೮೮

ಮೈಮುನಾ,

ನಿನ್ನ ಕಾಗದ ಹೊಳೆಯ ಕೆಳಗೆ ಪಾದ್ರಿಗಳ ಮಿಷನ್ನಿನ ಊರಲ್ಲಿ ನನಗಾಗಿ ಕಾಯುತ್ತಿತ್ತು. ಟೇಪು, ಉಪ್ಪು, ಸೆಲ್ಲು ತರಲು ಕ್ರಿಸ್‌ಮಸ್ಸಿಗೆ ಅಲ್ಲಿಗೆ ಇಳಿದಿದ್ದೆ. ದೋಣಿಯಲ್ಲಿ ನಾಲ್ಕು ದಿನದ ದಾರಿ. ನಿನ್ನೆ ತಿರುಗಿ ಬಂದೆ.

ಮೈಯಲ್ಲಿ ಆರಾಮಿಲ್ಲ. ನೆಗಡಿ, ಕೆಮ್ಮು, ಸ್ವಲ್ಪ ಜ್ವರ. ಮಿಷನ್ನಿನಲ್ಲಿ ಎಲ್ಲರಿಗೂ ಇತ್ತು. ಅಲ್ಲಿ ಇನ್ನೂ ಕೆಲವು ದಿನ ಇರಬಹುದಿತ್ತು, ಆದರೆ ತಿಂಗಳ ಕೊನೆಗೆ ಇವರೆಲ್ಲ ಹಣ್ಣುಕಾಯಿ ಹುಡುಕಿಕೊಂಡು ಕಾಡೊಳಗೆ ಹೋಗಿಬಿಡುತ್ತಾರೆ. ಅಜ್ಜಿಯ ಹಳೆಯ ಕಥೆಗಳನ್ನು ಅಷ್ಟರೊಳಗೆ ಟೇಪು ಮಾಡಲೇಬೇಕು. ಅವಳಿಗೆ ತನ್ನ ಅಜ್ಜಿಯ ಮಾತು ನೆನಪಿದೆ. ಮೂರು ಭಾಷೆಗಳ ತಾಯಿಯಲ್ಲಿ ‘ಕಾ’ ಹೇಗಿತ್ತು ಎನ್ನುವುದಕ್ಕೆ ಇರುವ ದಾರಿ ಅದೊಂದೇ.

ನಾನು ಕೆಮ್ಮುವುದನ್ನು ನೋಡಿ ಅಜ್ಜಿ ಯಾವುದೋ ಎಣ್ಣೆ ಎದೆಗೆ ತಿಕ್ಕಿದಳು. ತನ್ನ ತೂಗುಮಂಚವನ್ನು ನನ್ನದರ ಪಕ್ಕಕ್ಕೇ ಕಟ್ಟಿಸಿಕೊಂಡಿದ್ದಾಳೆ. ಮಕ್ಕಳು ನನ್ನ ಕೆಮ್ಮನ್ನು ಅಣಕಿಸುತ್ತ ಸುತ್ತ ಕುಳಿತಿದ್ದಾರೆ.

ಅವ್ವನಿಗೆ ಹೇಳು, ಚೆನ್ನಾಗಿ ಊಟ ಮಾಡುತ್ತಿದ್ದೇನೆ.

ನಲಿನಿ


ಮಿಷನ್ನಿನ ಊರು
೨೭ ಮಾರ್ಚ್ ೧೯೮೮

ಮೈಮುನಾ,

ಇದನ್ನು ಅವ್ವನ ಮುಂದೆ ಓದಬೇಡ.

ಅಜ್ಜಿ ಹೋದಳು. ನಾನು ಬಂದ ಹದಿಮೂರನೆಯ ದಿನ. ಮೊದಲು ಮಕ್ಕಳಿಗೆ ಕೆಮ್ಮು ಬಂತು, ಆಮೇಲೆ ದೊಡ್ಡವರಿಗೆ. ನಮಗೆ ನೆಗಡಿಯೆಂದರೆ ಒಂದು ಕರವಸ್ತ್ರ. ಇವರ ಮೈಗೆ ಅದರ ಗುರುತೇ ಇಲ್ಲ. ಎರಡು ದಿನದಲ್ಲಿ ಎದೆಗೆ ಇಳಿಯಿತು. ಅಡುಗೆ ಮಾಡುವವರಿಲ್ಲ, ನೀರು ತರುವವರಿಲ್ಲ. ನಾನೊಬ್ಬಳೇ ಗುಣವಾಗಿ ಓಡಾಡುತ್ತಿದ್ದೆ. ನನ್ನ ಹತ್ತಿರವಿದ್ದ ಗುಳಿಗೆಗಳನ್ನು ಅರ್ಧರ್ಧ ಮುರಿದು ಕೊಟ್ಟೆ, ಮೂರು ದಿನಕ್ಕೆ ಮುಗಿದವು. ಮೂವತ್ತೆಂಟರಲ್ಲಿ ಹನ್ನೊಂದು ಜನ ಹೋದರು. ನನ್ನ ಕೆಮ್ಮನ್ನು ಅಣಕಿಸಿದ ಮಕ್ಕಳಲ್ಲಿ ನಾಲ್ವರು.

ನನಗೆ ಗೊತ್ತಿರಲಿಲ್ಲ. ಹೀಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ಮೈಮುನಾ.

ಅಜ್ಜಿಗೆ ಒಬ್ಬ ಮಗಳು. ಹದಿನೈದು ವರ್ಷದ ಹಿಂದೆ ಮೇಲಿನ ಊರಿಗೆ ಮದುವೆಯಾಗಿ ಹೋದವಳು. ಸುದ್ದಿ ಮುಟ್ಟಿ ಬರುವುದರೊಳಗೆ ಮಣ್ಣು ಮಾಡಿ ಆಗಿತ್ತು. ಉಳಿದ ಹೆಂಗಸರು ಅಳುವ ಹಾಡು ಹೇಳುತ್ತಿದ್ದರು. ಅದರಲ್ಲಿ ಹಳೆಯ ರೂಪಗಳು ಇರುತ್ತವೆ ಎಂದು ನಾನು ಟೇಪು ಹಚ್ಚಿದ್ದೆ. ಹೌದು, ಹಚ್ಚಿದ್ದೆ. ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ ಅನಿಸಿತ್ತು. ಮಗಳು ದೋಣಿಯಿಂದ ಇಳಿದವಳೇ ನೇರ ನನ್ನ ಮುಂದೆ ಬಂದು ನಿಂತಳು. ಹೇಳಿದ್ದು ಒಂದೇ ಮಾತು.

‘ನೀನು-ಕಾ ನನ್ನ ಅವ್ವ ಕೊಂದೆ.’

ಅಂದಿನಿಂದ ನಾನು ಮಲಗಿಲ್ಲ. ಅವಳು ತಾಯಿಯ ಭಾಷೆಯಲ್ಲಿ ಹೇಳಿದಳೇ, ಗಂಡನ ಊರಿನ ಭಾಷೆಯಲ್ಲಿ ಹೇಳಿದಳೇ? ಮೇಲಿನ ಊರಿನದಾದರೆ ಅಲ್ಲಿ ‘ಕಾ’ ಮಾಡಿದವರೆಲ್ಲರಿಗೂ ಹತ್ತುತ್ತದೆ, ಅದಕ್ಕೆ ಬೇರೆ ಅರ್ಥವಿಲ್ಲ. ತಾಯಿಯ ಭಾಷೆಯದಾದರೆ ನಾನು ಬೇಕಂತಲೇ ಕೊಂದೆ ಎಂದಾಗುತ್ತದೆ. ಉಳಿದ ಶಬ್ದಗಳು ಎರಡೂ ಭಾಷೆಯಲ್ಲಿ ಒಂದೇ. ಟೇಪನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸ್ವರದ ಎಳೆತ ನೋಡುತ್ತೇನೆ, ತಿಳಿಯುವುದಿಲ್ಲ. ಅವಳನ್ನು ಕೇಳುವಂತಿಲ್ಲ. ಮರುದಿನವೇ ಅವಳು ಮೇಲಕ್ಕೆ ಹೋದಳು.

ಏನಾದರೂ ಬರೆ.

ನಲಿನಿ


ಬ್ಯಾಡಗಿ
೧೬ ಮೇ ೧೯೮೮

ನಲಿನೀ,

ನಿನ್ನ ಕಾಗದ ಬಂದ ದಿನ ನಮ್ಮ ಮನೆಯಲ್ಲಿ ಅಮ್ಮಾನ ನಲವತ್ತನೆಯ ದಿನದ ಫಾತಿಹಾ ಇತ್ತು. ಹೌದು, ಅಮ್ಮಾ ಹೋದಳು. ಏಪ್ರಿಲ್‌ನಲ್ಲಿ. ಉಬ್ಬಸ ಏರಿತು, ಕಾಂಪೌಂಡರ್ ಬಂದು ಸೂಜಿ ಮಾಡಿದ, ಅರ್ಧ ತಾಸಿಗೆ ಕೈ ತಣ್ಣಗಾಯಿತು. ಪಕ್ಕದ ಮನೆಯ ಹುಸೇನಬಿ ಹಿಡಿದುಕೊಳ್ಳಲು ಬಂದರೂ ನಾನು ನಿಲ್ಲಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಆ ಮನುಷ್ಯನ ಅಂಗಿ ಹಿಡಿದು “ನೀನ ಕೊಂದಿ ನಮ್ಮ ಅಮ್ಮಾನ್ನ, ನೀನ ಕೊಂದಿ” ಎಂದು ಕೂಗಿದೆ. ಅವನ ತಪ್ಪೇನೂ ಇರಲಿಲ್ಲ ಎಂದು ಆಮೇಲೆ ದೊಡ್ಡ ಡಾಕ್ಟರು ಹೇಳಿದರು. ಪಾಪ, ಅವನು ಈಗ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದಾನೆ. ನಾನು ಬೇಕಂತ ಅಂದೆನೋ, ಸಂಕಟಕ್ಕೆ ಅಂದೆನೋ, ನನಗೇ ಗೊತ್ತಿಲ್ಲ.

ಅದಕ್ಕೆ ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಒಬ್ಬ ಮಗಳು ತಾಯಿಯ ಮುಖ ಕಾಣದೆ ನಿನ್ನ ಮುಂದೆ ಬಂದು ನಿಂತಾಗ ನೀನು ಅವಳ ಪ್ರತ್ಯಯ ಹಿಡಿದಿ. ಆಕೆಯ ಕಣ್ಣು ಹೇಗಿತ್ತು? ಕೈಯಲ್ಲಿ ಏನಿತ್ತು? ಆಕೆಗೆ ಕೂಡ್ರಲು ಯಾರಾದರೂ ಹೇಳಿದರೇ, ನೀರು ಕೊಟ್ಟರೇ? ಒಂದನ್ನೂ ಬರೆದಿಲ್ಲ. ಟೇಪು ತಿರುಗುತ್ತಿತ್ತು ಎಂದು ಬರೆದಿದ್ದಿ.

ನಿನಗೆ ಗೊತ್ತಿರಲಿಲ್ಲ ಅಂದ ಮೇಲೆ ಗೊತ್ತಿರಲಿಲ್ಲ. ನಾನು ನಂಬುತ್ತೇನೆ. ಆದರೆ ಸಮಾಧಾನ ಹೇಳಲು ನನ್ನಲ್ಲಿ ಈಗ ಏನೂ ಉಳಿದಿಲ್ಲ. ಮನೆಗೆ ಬಾ. ಸಾಕು.

ನಿನ್ನ ಅವ್ವನಿಗೆ ಕಾಗದ ಬಂದಿಲ್ಲ ಎಂದು ಹೇಳಿದ್ದೇನೆ. “ಹೊಳಿಗೆ ನೀರ ಇಲ್ಲೇನೋ, ಡೋಣಿ ಬಂದಿಲ್ಲ” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಮೈಮುನಾಬಿ


ಹಾಲೆಂಡ್
೩ ಅಕ್ಟೋಬರ್ ೧೯೮೮

ಮೈಮುನಾ,

ಸುಗರಾಬಿ ಅಮ್ಮಾನ ಸುದ್ದಿಗೆ ಏನು ಬರೆಯಲಿ? ನಾನು ನಿಮ್ಮ ಮನೆಗೆ ಹಬ್ಬಕ್ಕೆ ಬಂದಾಗ ಶಾವಿಗೆ ಪಾಯಸ ಬಡಿಸಿ, “ನಿಮ್ಮ ಅವ್ವಗ ಹೇಳಬ್ಯಾಡ” ಎಂದು ನಗುತ್ತಿದ್ದರು. ಬರೆದು ಹರಿದು ಹಾಕಿದ್ದು ಮೂರು ಕಾಗದ.

ಮನೆಗೆ ಬರಲಿಲ್ಲ. ಅವ್ವನ ಮುಖ ನೋಡುವ ಧೈರ್ಯವಿರಲಿಲ್ಲ. ಇಲ್ಲಿ ಬಂದು ಪ್ರಬಂಧ ಬರೆಯಲು ಕುಳಿತಿದ್ದೇನೆ.

ಪ್ರೊಫೆಸರರಿಗೆ ಟೇಪುಗಳನ್ನು ಕೇಳಿಸಬೇಕಾಯಿತು. ಆ ಮಾತು ಬಂದಾಗ ಅವರು ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರು. ಇನ್ನೊಮ್ಮೆ. ಅಜ್ಜಿಯ ಉದಾಹರಣೆಗಳೆಲ್ಲ ಪಾಠಕ್ಕಾಗಿ ಹೇಳಿದವು, ಇದು ತಾನಾಗಿ ಬಂದ ಮಾತು, ಇದಿಲ್ಲದೆ ನಿಮ್ಮ ವಾದ ನಿಲ್ಲುವುದಿಲ್ಲ ಎಂದರು. ‘ನೀನು’ ಎಂದರೆ ಯಾರು ಎಂದು ಕೇಳಿದರು. ಯಾರೋ ಊರವರು ಎಂದೆ.

ಆ ಹೊಳೆಯ ಭಾಷೆಗಳ ಬಗ್ಗೆ ಬರೆಯುವವರು ಜಗತ್ತಿನಲ್ಲಿ ನಾನೊಬ್ಬಳೇ. ಆ ಮಾತನ್ನು ಬಿಟ್ಟರೆ ಆ ಭಾಷೆ ಹೀಗಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹಾಕಿದರೆ ಹನ್ನೊಂದು ಹೆಣದ ಮೇಲೆ ನಿಂತು ಪದವಿ ಪಡೆದಂತೆ. ಏನು ಮಾಡಲಿ?

ನಲಿನಿ


ಬ್ಯಾಡಗಿ
೨೦ ನವೆಂಬರ್ ೧೯೮೮

ನಲಿನೀ,

ಹಾಕಬೇಡ ಎನ್ನಲು ನಾನು ಯಾರು? ಆಕೆ ಅಷ್ಟು ದೂರ ದೋಣಿ ನಡೆಸಿಕೊಂಡು ಬಂದು ಹೇಳಿದ ಮಾತು ಅದು. ಉಳಿಯಲಿ. ಆದರೆ ಹಾಕುವುದಾದರೆ ಆಕೆ ಹೇಳಿದಂತೆಯೇ ಹಾಕು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೈಮುನಾಬಿ


ಹಾಲೆಂಡ್
೧೨ ಫೆಬ್ರವರಿ ೧೯೯೦

ಮೈಮುನಾ,

ಪ್ರಬಂಧ ಅಚ್ಚಾಗಿದೆ. ಎರಡು ಪ್ರತಿ ಹಡಗಿನ ಟಪಾಲಿನಲ್ಲಿ ಕಳಿಸಿದ್ದೇನೆ, ಒಂದು ನಿನಗೆ, ಒಂದು ಅವ್ವನಿಗೆ. ಇಲ್ಲಿಯೇ ಕೆಲಸವೂ ಸಿಕ್ಕಿತು. ಎಲ್ಲರೂ ಹೊಗಳಿದರು. ಮೈಯಲ್ಲಿ ಆರಾಮಿದ್ದೇನೆ. ಹೆಚ್ಚು ಬರೆಯಲು ಹೊತ್ತಿಲ್ಲ.

ನಲಿನಿ


ಬ್ಯಾಡಗಿ
೮ ಜೂನ್ ೧೯೯೦

ನಲಿನೀ,

ಪುಸ್ತಕ ಬಂತು. ನಿನ್ನ ಅವ್ವನ ಪ್ರತಿಯನ್ನು ನಾನೇ ರಾಣೆಬೆನ್ನೂರಿಗೆ ಒಯ್ದೆ. ಗೋದೂಬಾಯಿಯವರು ಅದನ್ನು ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟರು. ಆಮೇಲೆ ತಾವೇ ತಂದು ನನ್ನ ತೊಡೆಯ ಮೇಲಿಟ್ಟು, “ಒಂದ ಸಾಲರೆ ಓದಿ ಹೇಳವಾ, ನನ್ನ ಮಗಳು ಏನ ಬರದಾಳ ಅಂತ ಕಿವಿಗೆ ಬೀಳಲಿ” ಎಂದರು. ಗಡಿಗೆಯ ವಾಕ್ಯ ಹುಡುಕಿ ಓದಿದೆ. ನಕ್ಕರು. “ಆ ಮುದುಕಿ ಆರಾಮ ಇದ್ದಾಳೇನ?” ಎಂದು ಕೇಳಿದರು. ಇದ್ದಾಳ್ರಿ ಎಂದೆ. ನಿನ್ನ ಸಲುವಾಗಿ ಎರಡು ವರ್ಷದಿಂದ ಆ ಮನೆಯಲ್ಲಿ ಕುಳಿತು ಸುಳ್ಳು ಹೇಳುತ್ತಿದ್ದೇನೆ. ಅವರು ಕೈಗೆ ಚಹಾ ಕೊಡುತ್ತಾರೆ, ನಾನು ಸುಳ್ಳು ಕೊಡುತ್ತೇನೆ.

ಮನೆಗೆ ಬಂದು ಡಿಕ್ಷನರಿ ಇಟ್ಟುಕೊಂಡು ನನ್ನ ಪ್ರತಿಯನ್ನು ಒಂದು ವಾರ ಓದಿದೆ. ಅರವತ್ತೊಂದನೆಯ ಉದಾಹರಣೆ. ‘ಅವನು-ಕಾ ನನ್ನ ಅವ್ವ ಕೊಂದ.’

ಅವನು ಯಾರು, ನಲಿನೀ?

ನಿನ್ನ ಹಳೆಯ ಕಾಗದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ, ನಾನೇ ತಪ್ಪು ಓದಿರಬಹುದೇ ಎಂದು. ಆಕೆ ‘ನೀನು’ ಅಂದಿದ್ದಳು. ಆಕೆಯ ಭಾಷೆಯ ಸರ್ವನಾಮವನ್ನೂ ಬದಲಿಸಿ, ಅದಕ್ಕೆ ಸರಿಯಾಗಿ ಕ್ರಿಯಾಪದವನ್ನೂ ತಿದ್ದಿದ್ದಿ. ಓದಿದವರು ಕಾಡಿನೊಳಗೆ ಯಾರೋ ಒಬ್ಬ ಗಂಡಸು ಕೊಲೆ ಮಾಡಿದ ಅಂದುಕೊಳ್ಳುತ್ತಾರೆ. ಆ ಜನರಿಗೆ ಉಳಿದದ್ದು ಅದೊಂದು ಮಾತು. ಅದನ್ನೂ ಅವರ ಮೇಲೆಯೇ ತಿರುಗಿಸಿದಿ.

ಧಾರವಾಡದಲ್ಲಿ ನೀನು ತಪ್ಪು ಮಾಡಿದಾಗೆಲ್ಲ ನಾನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದೆ. ಇದನ್ನು ತಿದ್ದಲು ನನಗೆ ಬರುವುದಿಲ್ಲ. ಇನ್ನು ಮೇಲೆ ನನಗೆ ಬರೆಯಬೇಡ. ನಿನ್ನ ಅವ್ವನಿಗೆ ದೊಡ್ಡ ಅಕ್ಷರದಲ್ಲಿ ನೀನೇ ಬರೆ.

ಮೈಮುನಾಬಿ


ಮಿಷನ್ನಿನ ಊರು, ಬ್ರೆಜಿಲ್
೩೦ ನವೆಂಬರ್ ೧೯೯೧

ಮೈಮುನಾ,

ಬರೆಯಬೇಡ ಎಂದಿದ್ದಿ. ಹದಿನೇಳು ತಿಂಗಳು ಬರೆಯಲಿಲ್ಲ. ಈ ಕಾಗದವನ್ನು ಓದದೆ ಒಲೆಗೆ ಹಾಕಿದರೂ ನಡೆದೀತು. ಬರೆಯುವುದು ಮಾತ್ರ ನನ್ನ ಕೆಲಸ.

ಮೂರು ವರ್ಷ ಎಂಟು ತಿಂಗಳ ಹಿಂದೆ ಇದೇ ಊರಿನಿಂದ ನಿನಗೆ ಒಂದು ಸುಳ್ಳು ಬರೆದೆ. ‘ನನಗೆ ಗೊತ್ತಿರಲಿಲ್ಲ.’ ಗೊತ್ತಿತ್ತು. ಇಲ್ಲಿ ದವಾಖಾನೆ ನೋಡಿಕೊಳ್ಳುವ ನರ್ಸ್ ಒಬ್ಬಳಿದ್ದಾಳೆ, ವಯಸ್ಸಾದವಳು. ಆಗ ನಾನು ದೋಣಿ ಹತ್ತುವಾಗ ದಂಡೆಯವರೆಗೆ ಬಂದು ಕೈ ಹಿಡಿದು ನಿಲ್ಲಿಸಿದ್ದಳು. ಈ ಕೆಮ್ಮು ಇಟ್ಟುಕೊಂಡು ಮೇಲೆ ಹೋಗಬೇಡ, ಹಿಂದೆಯೂ ಹೀಗಾಗಿದೆ, ಮಕ್ಕಳು ಸತ್ತಿದ್ದಾರೆ, ಎರಡು ವಾರ ನಿಲ್ಲು ಎಂದಳು. ಎರಡು ವಾರ ನಿಂತರೆ ಕಥೆಗಳು ಮುಗಿಯುವ ಮೊದಲೇ ಅಜ್ಜಿ ಕಾಡಿಗೆ ಹೋಗಿಬಿಡುತ್ತಾಳೆ, ಒಂದು ವರ್ಷ ಹಾಳಾಗುತ್ತದೆ ಎಂದು ನಾನು ಕೈ ಬಿಡಿಸಿಕೊಂಡೆ. ದೋಣಿಯಲ್ಲಿ ಎರಡನೆಯ ದಿನ ಜ್ವರ ಬಿಟ್ಟಂತೆ ಆಯಿತು, ಇನ್ನೇನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜಿ ಪಕ್ಕದಲ್ಲಿ ತೂಗುಮಂಚ ಕಟ್ಟಿಸಿಕೊಂಡಾಗ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವಳು ಅಷ್ಟು ಹತ್ತಿರವಿದ್ದರೆ ಟೇಪಿನಲ್ಲಿ ದನಿ ಚೆನ್ನಾಗಿ ಬರುತ್ತಿತ್ತು.

ಆದ್ದರಿಂದ ಮಗಳು ಯಾವ ಭಾಷೆಯಲ್ಲಿ ಹೇಳಿದರೇನು? ಮೇಲಿನ ಊರಿನದಾದರೂ ಸರಿ, ನಡುವಿನ ಊರಿನದಾದರೂ ಸರಿ. ಎರಡರಲ್ಲೂ ಅವಳ ವ್ಯಾಕರಣ ತಪ್ಪಿರಲಿಲ್ಲ.

ಹೋದ ತಿಂಗಳು ಮೇಲೆ ಹೋಗಿದ್ದೆ. ಈ ಸಲ ಇಲ್ಲಿ ಇಪ್ಪತ್ತು ದಿನ ಕಾದು, ಅದೇ ನರ್ಸು ಹೋಗು ಎಂದ ಮೇಲೆ ಹೊರಟೆ. ಅಜ್ಜಿಯ ಮಗಳನ್ನು ಹುಡುಕಿ, ಅವಳ ಮುಂದೆ ಕುಳಿತು ಒಪ್ಪಿಕೊಳ್ಳಬೇಕೆಂದಿತ್ತು. ನಡುವಿನ ಊರು ಇಲ್ಲ. ಮನೆಗಳ ಮೇಲೆ ಬಳ್ಳಿ ಹಬ್ಬಿದೆ. ಮೇಲಿನ ಊರಿನವರು ನಮ್ಮ ಕಾಯಿಲೆಗೆ ಹೆದರಿ ಒಳಗೆ, ಇನ್ನೂ ಒಳಗೆ ಹೋದರಂತೆ. ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ. ಹೇಳಬಾರದು ಕೂಡ, ಹೇಳಿದರೆ ನನ್ನಂಥವರು ಹೋಗುತ್ತಾರೆ. ನಡುವಿನ ಊರಿನಲ್ಲಿ ಬದುಕಿದವರು ಕೆಳಗಿನ ಊರಿಗೆ ಸೇರಿದ್ದಾರೆ. ನನ್ನನ್ನು ಗುರುತಿಸಿದರು. ಬೈಯಲಿಲ್ಲ. ಮೀನು ಕೊಟ್ಟರು, ತಿರುಗಿ ತಮ್ಮ ಕೆಲಸಕ್ಕೆ ಹೋದರು. ಅವರ ಮಕ್ಕಳು ಈಗ ಕೆಳಗಿನ ಭಾಷೆಯನ್ನೇ ಆಡುತ್ತಾರೆ. ಯಾರು ಯಾರಿಗೆ ಏನು ಮಾಡಿದರೂ ಆ ಮಕ್ಕಳ ಬಾಯಲ್ಲಿ ‘ಕಾ’ ಬರುವುದಿಲ್ಲ.

ನೀನು ಕೇಳಿದ್ದಿ, ಆಕೆಯ ಕೈಯಲ್ಲಿ ಏನಿತ್ತು ಎಂದು. ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ ಇತ್ತು, ತಾಯಿಗೆ ತಂದದ್ದು. ನೀರು ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಅವ್ವನಿಗೆ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅಣ್ಣಾಜಿ ಅಣ್ಣನ ಉತ್ತರ ಬಂತು, ಎರಡೇ ಸಾಲು: ‘ಅವ್ವ ಓದಿದಳು. ಪುಸ್ತಕವನ್ನು ದೇವರ ಮನೆಯಿಂದ ತೆಗೆದು ಟ್ರಂಕಿನಲ್ಲಿ ಇಟ್ಟಿದ್ದಾಳೆ.’

ಕೆಲಸ ಬಿಟ್ಟಿದ್ದೇನೆ. ಬಿಡುವ ಮೊದಲು ನಡೆದದ್ದನ್ನೆಲ್ಲ ಬರೆದು ವಿಶ್ವವಿದ್ಯಾಲಯಕ್ಕೆ ಕೊಟ್ಟೆ. ನರ್ಸಿನ ಮಾತು, ಕೆಮ್ಮು, ಹನ್ನೊಂದು ಜನ, ಎಲ್ಲ. ಸಮಿತಿಯವರು ಒಂದು ಗಂಟೆ ಕುಳಿತರು. ಇವೆಲ್ಲ ವೈಯಕ್ತಿಕ ಸಂಗತಿಗಳು, ಇವುಗಳಿಂದ ಪ್ರಬಂಧದ ವಾದಕ್ಕೆ ಬಾಧೆಯಿಲ್ಲ ಎಂದು ತೀರ್ಮಾನಿಸಿದರು. ಉದಾಹರಣೆ ಮಾತ್ರ ಸರಿಪಡಿಸಲು ಒಪ್ಪಿದರು. ಬೆರಳುದ್ದದ ಒಂದು ಚೀಟಿ ಅಚ್ಚು ಹಾಕಿಸಿ, ಪುಸ್ತಕ ಇರುವ ನಲವತ್ತು ಲೈಬ್ರರಿಗಳಿಗೆ ಕಳಿಸಿದರು. ನಿನ್ನ ಪ್ರತಿಗೆ ಒಂದನ್ನು ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿ ಇಷ್ಟೇ ಇದೆ: ‘ಪುಟ ೧೪೩, ಉದಾಹರಣೆ ೬೧. ಅವನು, ಕೊಂದ ಎಂಬಲ್ಲಿ ನೀನು, ಕೊಂದೆ ಎಂದು ಓದಿಕೊಳ್ಳಬೇಕು.’

ಎಂಟು ತಿಂಗಳಾಯಿತು. ಯಾವ ‘ನೀನು’ ಎಂದು ಇದುವರೆಗೆ ಯಾರೂ ಕೇಳಿಲ್ಲ.

ನಲಿನಿ